ಚೌಕಾಸಿಗೆ ಸಿಕ್ಕ ಸಾರು

ಪರದೇಶಕ್ಕೆ ಹೊರಟವರಿಗೆ ನಮ್ಮ ಕಡೆಯ ಜನ ಧಾರಾಳವಾಗಿ ಬುದ್ಧಿ ಹೇಳುತ್ತಾರೆ. ಪಾಸ್‌ಪೋರ್ಟು ಜೋಪಾನ, ಒಳ್ಳೇ ಸ್ವೆಟರು ತಗೊಳ್ಳಿ, ನೀರು ಒಗ್ಗುವ ತನಕ ಕುದಿಸಿ ಕುಡಿಯಿರಿ, ಯಾರ ಜೊತೆಗೂ ಜಾಸ್ತಿ ಮಾತಾಡಬೇಡಿ. ಇದನ್ನೆಲ್ಲ ಹೇಳುವವರು ಸಾಮಾನ್ಯವಾಗಿ ಮೈಸೂರು ದಾಟಿ ಆಚೆಗೆ ಹೋಗಿರುವುದಿಲ್ಲ. ನಾನು ಹೋಗಿ ನೋಡಿದವನು. ಹಾಗಾಗಿ ನೀವು ಕೇಳದಿದ್ದರೂ ನನ್ನ ಸಲಹೆಯನ್ನು ಮೊದಲೇ ಕೊಟ್ಟುಬಿಡುತ್ತೇನೆ. ವಿಮಾನ ಹತ್ತುವ ಮುಂಚೆ, ನಿಮ್ಮ ಮೈಗೆ ಯಜಮಾನರು ನೀವೋ ನಿಮ್ಮ ನಾಲಿಗೆಯೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. ನಾನು ಮಾಡಿಕೊಂಡಿರಲಿಲ್ಲ. ವಯಸ್ಸು ಐವತ್ತರ ಹತ್ತಿರ ಬರುವ ತನಕ ನಾನೇ ಯಜಮಾನ ಎಂದು ತಿಳಿದಿದ್ದೆ. ನಾಲಿಗೆ ಸುಮ್ಮನಿದ್ದದ್ದು ಅದಕ್ಕೆ ಬೇಕಾದದ್ದು ಹೊತ್ತುಹೊತ್ತಿಗೆ ಸಿಗುತ್ತಿದ್ದುದರಿಂದ ಎಂಬುದು ಆಮೇಲೆ ಗೊತ್ತಾಯಿತು.

ನನ್ನ ಕಸುಬು ಹಳೇ ಟ್ರಾಕ್ಟರು ಕೊಡಿಸುವುದು. ನಮ್ಮ ಊರು ಪಾಂಡವಪುರದ ಪಕ್ಕ. ಕಬ್ಬು ಸಾಗಿಸುವ ಗಾಡಿಯಲ್ಲಿ ಕ್ಲೀನರಾಗಿ ಸೇರಿದವನು, ಗಾಡಿಯ ಕೆಳಗೆ ಮಲಗಿ ಮಲಗಿ ಅದರ ಹೊಟ್ಟೆಯೊಳಗಿನದೆಲ್ಲ ಕಲಿತೆ. ಆಮೇಲೆ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲಿ ಯಾರ ಮನೆ ಮುಂದೆ ಯಾವ ಟ್ರಾಕ್ಟರು ನಿಂತಿದೆ, ಅದು ಯಾಕೆ ನಿಂತಿದೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು. ಅರಕೆರೆ ಕಡೆ ನಾಲೆ ನೀರಿನ ಗದ್ದೆಯಲ್ಲಿ ದುಡಿದ ಗಾಡಿಗೆ ತಳವೆಲ್ಲ ತುಕ್ಕು. ನಾಗಮಂಗಲದ ಕಡೆ ಒಣನೆಲದಲ್ಲಿ ದುಡಿದದ್ದಕ್ಕೆ ತಳ ಗಟ್ಟಿ, ಟೈರು ಬೋಳು. ಮಾರುವವನು ಎಷ್ಟೇ ಬಣ್ಣ ಹೊಡೆಸಿ ನಿಲ್ಲಿಸಿದ್ದರೂ ನಾನು ಒಂದು ಸುತ್ತು ಬಂದು, ಟೈರಿಗೆ ಒಂದು ಒದೆ ಕೊಟ್ಟು, ಮುಖ ಸಿಂಡರಿಸಿದೆನೆಂದರೆ ಅವನೇ ದನಿ ತಗ್ಗಿಸಿ ಮಾತಿಗೆ ಬರುತ್ತಿದ್ದ. ಹೇಳಿದ ಬೆಲೆಗೆ ಒಪ್ಪಿಕೊಳ್ಳುವುದು ಎಂದರೆ ನನ್ನ ಮಟ್ಟಿಗೆ ಮಾರುವವನಿಗೂ ಮಾಡುವ ಅವಮಾನ. ಪಾಪ, ಅವನು ಚೌಕಾಸಿಗೆಂದೇ ಒಂದಿಷ್ಟು ಮೇಲೆ ಹೇಳಿರುತ್ತಾನೆ. ಅದನ್ನು ಇಳಿಸದೆ ಹೋದರೆ ಅವನ ಶ್ರಮವೆಲ್ಲ ದಂಡ.

ಹೀಗೆ ಸುಖವಾಗಿದ್ದ ನನ್ನನ್ನು ನ್ಯೂಜಿಲೆಂಡಿನ ಕೆಳಗಿನ ತುದಿಯ ಒಂದು ಊರಿಗೆ ಕರೆದುಕೊಂಡು ಹೋದವಳು ನನ್ನ ಹೆಂಡತಿ ಮಂಜುಳ. ಅವಳು ಶ್ರೀರಂಗಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಬಸ್ಸಿನಲ್ಲಿ ಹೋಗಿ ಬರುತ್ತ, ಕಿಟಕಿ ಪಕ್ಕ ಕೂತು, ಕಿವಿಗೆ ಅದೇನನ್ನೋ ಸಿಕ್ಕಿಸಿಕೊಂಡು ಇಂಗ್ಲಿಷು ಕಲಿಯುತ್ತಿದ್ದಳು. ಪರೀಕ್ಷೆ ಕಟ್ಟುತ್ತೇನೆ ಅಂದಳು, ಕಟ್ಟು ಅಂದೆ. ಒಂದು ಸಲ ಹೋಯಿತು. ಇನ್ನೊಂದು ಸಲ ಕಟ್ಟುತ್ತೇನೆ ಅಂದಳು, ಕಟ್ಟು ಅಂದೆ. ಕಟ್ಟುವುದರಿಂದ ನನಗೇನೂ ನಷ್ಟ ಕಾಣಲಿಲ್ಲ. ಪಾಸಾದರೆ ಏನಾಗುತ್ತದೆ ಎಂಬ ಕಡೆಗೆ ಯೋಚನೆ ಹರಿಸದೆ ಇದ್ದದ್ದು, ನನ್ನಂಥ ಮುಂದಾಲೋಚನೆಯವನಿಗೆ, ಇವತ್ತಿಗೂ ನಾಚಿಕೆಯ ವಿಷಯ. ಪಾಸಾದಳು, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಮೂರು ವರ್ಷದ ಕೆಲಸವೂ ಸಿಕ್ಕಿತು. "ನೀವೂ ಬನ್ನಿ, ಟ್ರಾಕ್ಟರು ಅಲ್ಲೂ ಇರ್ತವೆ" ಅಂದಳು.

ಟ್ರಾಕ್ಟರು ಇದ್ದವು. ಆದರೆ ಎಲ್ಲದರ ಹಣೆಗೂ ಬೆಲೆ ಬರೆದು ಅಂಟಿಸಿತ್ತು. ಆ ದೇಶದಲ್ಲಿ ಬೆಲೆ ಬರೆಯದ ವಸ್ತುವೇ ಇಲ್ಲ. ಶನಿವಾರ ರೈತರು ತಾವೇ ತಂದು ಮಾರುವ ಸಂತೆಯೊಂದು ನಡೆಯುತ್ತದೆ ಎಂದು ಕೇಳಿ, ಹೋದ ಜೀವ ಬಂದಂತಾಗಿ ಅಲ್ಲಿಗೆ ಹೋದೆ. ಒಬ್ಬಾಕೆ ಹೂಕೋಸು ಇಟ್ಟುಕೊಂಡು ಕೂತಿದ್ದಳು. ನಾನು ಹೂಕೋಸನ್ನು ತಿರುಗಿಸಿ ಮುರುಗಿಸಿ ನೋಡಿ, ಮುಖ ಸಿಂಡರಿಸಿ, ಬರೆದದ್ದಕ್ಕಿಂತ ಕಡಿಮೆ ಹೇಳಿದೆ. ಆಕೆ ನಗುತ್ತ ಬರೆದ ಹಲಗೆಯ ಕಡೆ ಬೆರಳು ತೋರಿಸಿದಳು. ನಾನು ನಮ್ಮ ಪದ್ಧತಿಯಂತೆ ಹೂಕೋಸು ಕೆಳಗಿಟ್ಟು, ಬೇಡವೇ ಬೇಡ ಎಂಬಂತೆ ಬೆನ್ನು ತಿರುಗಿಸಿ, ಕರೆದರೆ ಕೇಳಿಸುವಷ್ಟು ನಿಧಾನವಾಗಿ ನಡೆಯತೊಡಗಿದೆ. ಕರೆಯಲಿಲ್ಲ. ಇನ್ನಷ್ಟು ನಿಧಾನ ಮಾಡಿದೆ. ಆಗಲೂ ಕರೆಯಲಿಲ್ಲ. ಹೀಗೆ ನಡೆದು ನಡೆದು ಕಾರು ನಿಲ್ಲಿಸುವ ಜಾಗಕ್ಕೇ ಬಂದುಬಿಟ್ಟಿದ್ದೆ. ಹಿಂತಿರುಗಿ ನೋಡಿದರೆ ಆಕೆ ಬೇರೆ ಯಾರಿಗೋ ಅದೇ ಹೂಕೋಸು ಕೊಟ್ಟು, ನನ್ನ ಕಡೆಗೂ ಒಮ್ಮೆ ಸ್ನೇಹದಿಂದ ಕೈ ಬೀಸಿದಳು. ಅವತ್ತು ನನಗಾದ ಒಂಟಿತನ ಇಷ್ಟಿಷ್ಟಲ್ಲ.

ಇಷ್ಟನ್ನು ಹೇಗೋ ಸಹಿಸಬಹುದಿತ್ತು. ಊಟದ್ದು ಆಗಲಿಲ್ಲ. ನಮ್ಮ ಕಡೆ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಚಿಕ್ಕಂದಿನಲ್ಲಿ ಮುದ್ದೆ ಅಗಿದರೆ ಅವ್ವ ತಲೆಗೆ ಮೊಟಕುತ್ತಿದ್ದಳು. ನಮ್ಮ ಬಾಯಿ ಹೆಬ್ಬಾಗಿಲಿದ್ದಂತೆ, ಬಂದವರು ಸೀದಾ ಒಳಗೆ ಹೋಗಬೇಕು. ಅಲ್ಲಿಯವರದು ಹಿಟ್ಟಿನ ಗಿರಣಿ. ಬ್ರೆಡ್ಡು, ಮೇಲಿನಿಂದ ಕೆಳಗಿನವರೆಗೂ ಅಗಿಯಬೇಕಾದ ಹಸಿ ಎಲೆಗಳು, ಅಗಿದಷ್ಟೂ ಬಾಯಲ್ಲೇ ಉಳಿಯುವ ಮಾಂಸ. ಊಟ ಮುಗಿಯುವ ಹೊತ್ತಿಗೆ ಹೊಟ್ಟೆ ತುಂಬಿರುತ್ತಿರಲಿಲ್ಲ, ದವಡೆ ಮಾತ್ರ ನೋಯುತ್ತಿತ್ತು. ನಮ್ಮನ್ನು ಕಾಪಾಡಿದ್ದು ಊರಿಂದ ಹೊತ್ತುಕೊಂಡು ಹೋಗಿದ್ದ ರಾಗಿಹಿಟ್ಟು. ನಮ್ಮನ್ನು ಎನ್ನುವುದೂ ತಪ್ಪು, ನನ್ನನ್ನು. ಮಂಜುಳ ಹೆಚ್ಚು ಹೊತ್ತು ಆಸ್ಪತ್ರೆಯಲ್ಲೇ ಇರುತ್ತಿದ್ದಳು. ಮನೆಗೆ ಬಂದರೆ "ನಂಗೆ ಹಸಿವಿಲ್ಲ, ನೀವು ಉಣ್ಣಿ" ಅನ್ನುತ್ತಿದ್ದಳು. ಗಂಡನಿಗೆ ಮುದ್ದೆ ಉಳಿಯಲಿ ಎಂದು ಹೊಟ್ಟೆ ಕಟ್ಟಿಕೊಳ್ಳುತ್ತಿದ್ದಾಳೆ ಎಂದು ನಾನು ಕಣ್ಣಲ್ಲಿ ನೀರು ತಂದುಕೊಂಡು, ಅವಳ ಪಾಲಿನದನ್ನೂ ಉಣ್ಣುತ್ತಿದ್ದೆ.

ಹಿಟ್ಟು ಇಳಿಯುತ್ತ ಬಂತು. ಮುದ್ದೆ ಮೊದಲು ತೆಂಗಿನಕಾಯಿಯಷ್ಟಿದ್ದದ್ದು ಮೂಸಂಬಿಯಷ್ಟಾಯಿತು, ಮೂಸಂಬಿ ನಿಂಬೆಹಣ್ಣಾಯಿತು. ಅಲ್ಲಿ ಸಿಗುವ ಓಟ್ಸ್ ಪುಡಿ ಮಾಡಿ ಮುದ್ದೆ ತಿರುವಿ ನೋಡಿದೆ. ಅದು ಕೋಲನ್ನೂ ಬಿಡಲಿಲ್ಲ, ಪಾತ್ರೆಯನ್ನೂ ಬಿಡಲಿಲ್ಲ, ಕೊನೆಗೆ ನನ್ನ ಕೈಯನ್ನೂ ಬಿಡಲಿಲ್ಲ. ದೂರದ ಪಟ್ಟಣದ ಅಂಗಡಿಯೊಂದರಲ್ಲಿ ರಾಗಿಹಿಟ್ಟು ಸಿಕ್ಕಿತು, ಅದು ಯಾವ ಕಾಲದ್ದೋ, ಕಹಿ. ಕೊನೆಗೊಂದು ಸಂಜೆ ಡಬ್ಬದ ತಳ ಕೆರೆದು, ಮಂಜುಳ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಲ್ಲಿಗೆ ಹೋಗಿ ನಿಂತೆ.

"ಹಿಟ್ಟು ಮುಗೀತು ಕಣಮ್ಮಿ" ಅಂದೆ. "ನಾನು ಊರ್ಗೆ ಒಯ್ತೀನಿ."

ಅವಳು ಇಸ್ತ್ರಿಪೆಟ್ಟಿಗೆ ಎತ್ತಲಿಲ್ಲ. "ಹೂಂ. ಹೋಗಿ" ಅಂದಳು.

ನಾನು ಅವಳು ಅಳುತ್ತಾಳೆ, ಇಲ್ಲವೇ ಬಯ್ಯುತ್ತಾಳೆ ಎಂದು ಎರಡಕ್ಕೂ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ವ್ಯಾಪಾರದಲ್ಲಿ ಎದುರು ಪಾರ್ಟಿ ಒಂದೇ ಮಾತಿಗೆ "ಆಯ್ತು ಬುಡಿ" ಅಂದನೆಂದರೆ ಎರಡೇ ಅರ್ಥ. ಒಂದು, ಅವನಿಗೆ ಮಾಲೇ ಬೇಕಿಲ್ಲ. ಇಲ್ಲವೇ, ಅವನಿಗೆ ನಿಮಗೆ ಗೊತ್ತಿಲ್ಲದ್ದು ಏನೋ ಗೊತ್ತಿದೆ. ಎರಡೂ ನೆಮ್ಮದಿಯ ವಿಷಯಗಳಲ್ಲ. ನಾನು ಹೋದರೆ ಅವಳು ಆ ಚಳಿಯ ಊರಿನಲ್ಲಿ ಒಬ್ಬಳೇ, ಕೆಲಸ ಮುಗಿಯುವ ತನಕ. ನನ್ನ ಹಿಂದೆಯೇ ಅವಳೂ ಹೊರಟುಬಿಟ್ಟರೆ ಬಸ್ಸಿನ ಕಿಟಕಿಯಲ್ಲಿ ಕೂತು ಕಲಿತದ್ದೆಲ್ಲ ನೀರುಪಾಲು. ಅವಳು ಕಾಲರು ತಿಕ್ಕುತ್ತ ನಿಂತಳು, ನಾನು ಖಾಲಿ ಡಬ್ಬ ಹಿಡಿದುಕೊಂಡು ನಿಂತೆ.

ಇಂಥ ಹೊತ್ತಿನಲ್ಲಿ ನಾನು ಫೋನು ಮಾಡುವುದು ಇಮ್ತಿಯಾಜನಿಗೆ. ಶ್ರೀರಂಗಪಟ್ಟಣದಲ್ಲಿ ಟ್ರಾಕ್ಟರು ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದಾನೆ, ನಾನು ಕೊಡಿಸಿದ ಗಾಡಿಗಳಿಗೆಲ್ಲ ಅವನೇ ಡಾಕ್ಟರು. ವಿಷಯ ಹೇಳಿದೆ. ಅವನಿಗೆ ಖುಷಿಯೋ ಖುಷಿ.

"ಬಂದ್ಬುಡಣ್ಣ! ನಾಗಮಂಗಲದಿಂದ ಒಂದು ಗಾಡಿ ಬಂದದೆ. ಇಂಜಿನ್ನು ಮಖನ್, ಬೆಣ್ಣೆ ಕಣಣ್ಣ, ಬೆಣ್ಣೆ. ನೀನು ಬರೋಗಂಟ ಯಾರ್ಗೂ ತೋರ್ಸಲ್ಲ. ಭಾಬಿ ಏನಂದ್ರು?"

"ಹೂಂ ಹೋಗಿ ಅಂದ್ಲು."

"ಅಷ್ಟೇನಾ? ಬೈಲಿಲ್ವಾ?"

"ಇಲ್ಲ ಕಣ್ಲಾ."

ಆ ಕಡೆ ಸ್ಪ್ಯಾನರು ಕೆಳಗಿಟ್ಟ ಸದ್ದಾಯಿತು. "ಅಂಗಾದ್ರೆ ಉಸಾರು ಕಣಣ್ಣ" ಅಂದ. "ನಮ್ಮನೇಲಿ ಬೈದೆ ಹೂಂ ಅಂದ್ರೆ ನಾನು ಅವತ್ತು ಗ್ಯಾರೇಜಲ್ಲೇ ಮನಿಕ್ಕೊಳ್ಳೋದು."

ಅದಾದ ಮೇಲೆ ಬಂದ ಭಾನುವಾರ ಮಂಜುಳ, "ಹೋಗೋಕೆ ಮುಂಚೆ ಒಂದಿನ ಹೊರಗಡೆ ಉಣ್ಣಿಸ್ತೀನಿ, ಬನ್ನಿ" ಎಂದು ಕರೆದಳು. ಹೊರಡುವವನಿಗೆ ಊಟ ಹಾಕಿ ಕಳಿಸುವುದು ನಮ್ಮಲ್ಲಿ ಇರುವುದೇ, ಬೇಡ ಅನ್ನಲು ಕಾರಣ ಸಿಗಲಿಲ್ಲ. ಅವಳ ಆಸ್ಪತ್ರೆಯ ಹಿಂದಿನ ಬೀದಿ. ಬಟ್ಟೆ ಒಗೆಯುವ ಅಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ ಒತ್ತರಿಸಿಕೊಂಡು ಕೂತಿದ್ದ ಒಂದು ಚಿಕ್ಕ ಥಾಯ್ ಹೋಟೆಲು. ಬಾಗಿಲು ತೆಗೆದರೆ ಬೆಚ್ಚನೆಯ ಆವಿ ಮುಖಕ್ಕೆ ಬಡಿಯಿತು. ಆವಿಯಲ್ಲಿ ಬೆಳ್ಳುಳ್ಳಿ ಹುರಿದ ವಾಸನೆ ಇತ್ತು, ಕೊತ್ತಂಬರಿ ಸೊಪ್ಪಿನ ವಾಸನೆಯೂ ಇತ್ತು. ನಾನು ಮೂಗಿಗೆ ಸುಮ್ಮನಿರು ಅಂದೆ.

ಹೋಟೆಲಿನ ಒಡತಿ ನಮ್ಮದೇ ವಯಸ್ಸಿನ ಥಾಯ್ ಹೆಂಗಸು. ತಲೆಗೂದಲು ಎತ್ತಿಕಟ್ಟಿ, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ನಮ್ಮನ್ನು ಕಂಡವಳೇ "ಮಂಜು!" ಎಂದು ಕೂಗಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಇಬ್ಬರೂ ನಕ್ಕರು.

"ಏನಂದ್ಲು?"

"ಇವ್ರೇನಾ ಆ ಹಿಟ್ಟಿನವ್ರು ಅಂದ್ರು."

ನಾಲ್ಕು ತಾಲ್ಲೂಕಿಗೆ ಬೇಕಾಗಿದ್ದ ಮನುಷ್ಯ ನಾನು. ಅಲ್ಲಿ ನನ್ನ ಕೀರ್ತಿ ಹಿಟ್ಟಿನವರು ಎಂದಾಗಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಿವಿದದ್ದು ಬೇರೆ. "ನೀನು ಇಲ್ಲಿ ಯಾವಾಗಿಂದ ಉಣ್ತಿದೀಯ?" ಎಂದೆ.

"ಕೆಲಸಕ್ಕೆ ಸೇರಿದ ವಾರದಿಂದ."

"ಮತ್ತೆ ಹಸಿವಿಲ್ಲ ಹಸಿವಿಲ್ಲ ಅಂತಿದ್ದದ್ದು?"

"ಉಂಡಿರ್ತಿದ್ದೆ, ಹಸಿವಿರ್ತಿರಲಿಲ್ಲ" ಅಂದಳು, ಕುರ್ಚಿ ಎಳೆದುಕೊಳ್ಳುತ್ತ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರ್ತಿದ್ರಾ? ಡಬ್ಬದಲ್ಲಿ ಹಿಟ್ಟಿತ್ತಲ್ಲ ನಿಮ್ಗೆ."

ನಾನು ಅವಳ ಮುಖವನ್ನೇ ನೋಡಿದೆ. ಎದುರಿನವನ ಹಳೇ ಗಾಡಿ ಕೆಟ್ಟು ನಿಲ್ಲುವ ತನಕ ಹೊಸ ಗಾಡಿಯ ಮಾತೆತ್ತಬಾರದು ಎಂಬುದು ನನ್ನ ಕಸುಬಿನ ಒಳಗುಟ್ಟು. ಅದನ್ನು ನಾನು ಇವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ನನಗಿಂತ ಸಲೀಸಾಗಿ ಮಾಡಿ ಕೂತಿದ್ದಳು.

ಬಟ್ಟಲು ಬಂತು. ನಮ್ಮ ಕಡೆ ಕೋಳಿಗೆ ನೀರಿಡುವ ಬೋಗುಣಿಯಷ್ಟು ಅಗಲ. ತಿಳಿಸಾರು, ಅದರೊಳಗೆ ಬೆಳ್ಳಗಿನ ಅಕ್ಕಿ ನೂಡಲ್ಸು, ಮೇಲೆ ಕೋಳಿಯ ತುಂಡು, ಮೊಳಕೆ ಕಾಳು, ಹುರಿದ ಬೆಳ್ಳುಳ್ಳಿ, ಕೊತ್ತಂಬರಿ. "ಕೋಳಿ ಬಿಟ್ಟು ಬೇರೆ ಬಾಡೇನೂ ಇಲ್ಲ, ಕೇಳಿದೀನಿ" ಎಂದು ಮಂಜುಳ ನಾನು ಕೇಳುವ ಮೊದಲೇ ಹೇಳಿದಳು. ನೂಡಲ್ಸು ನೋಡುವುದಕ್ಕೆ ನಮ್ಮ ಒತ್ತುಶ್ಯಾವಿಗೆಯ ದಾಯಾದಿಯಂತಿತ್ತು. ಆದರೆ ನಾನು ಊರಿಗೆ ಹೋಗುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಈಗ ಈ ಬಟ್ಟಲನ್ನು ಇಷ್ಟಪಟ್ಟರೆ ನನ್ನ ಕಾರಣವೇ ಬಿದ್ದುಹೋಗುತ್ತದೆ. ಹಾಗಾಗಿ ಹಳೇ ಗಾಡಿ ನೋಡುವ ಕ್ರಮದಲ್ಲೇ ನೋಡಿದೆ. ಬಟ್ಟಲನ್ನು ಸುತ್ತ ತಿರುಗಿಸಿದೆ. ಫೋರ್ಕನ್ನು ಇಂಜಿನ್ನಿನ ಆಯಿಲ್ ಕಡ್ಡಿಯಂತೆ ಅದ್ದಿ, ಎತ್ತಿ, ಬೆಳಕಿಗೆ ಹಿಡಿದೆ. ಆಮೇಲೆ ಒಂದು ಚಮಚ ಸಾರು ಕುಡಿದೆ.

ಸಪ್ಪೆ! ನನಗೆ ಎಷ್ಟು ಸಂತೋಷವಾಯಿತೆಂದರೆ ಮುಚ್ಚಿಟ್ಟುಕೊಳ್ಳಲಾಗಲಿಲ್ಲ. "ಉಪ್ಪಿಲ್ಲ, ಖಾರ ಇಲ್ಲ, ಹುಳಿ ಇಲ್ಲ. ಇದ್ನಾ ನೀನು ದಿನಾ ತಿನ್ತಿದ್ದದ್ದು?" ಎಂದು ಕುರ್ಚಿಗೆ ಒರಗಿದೆ.

ಮಂಜುಳ ಮೇಜಿನ ಮೂಲೆಯಲ್ಲಿದ್ದ ಒಂದು ತಂತಿಯ ಬುಟ್ಟಿಯನ್ನು ನನ್ನ ಮುಂದಕ್ಕೆ ತಳ್ಳಿದಳು. ಅದರಲ್ಲಿ ನಾಲ್ಕು ಚಿಕ್ಕ ಭರಣಿಗಳು. ಒಂದರಲ್ಲಿ ಖಾರದ ಪುಡಿ, ಒಂದರಲ್ಲಿ ವಿನೆಗರಿನಲ್ಲಿ ಮುಳುಗಿಸಿದ ಮೆಣಸಿನಕಾಯಿ ಬಿಲ್ಲೆ, ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ ಕಂದು ಬಣ್ಣದ ಮೀನಿನ ರಸ. "ಇವ್ರಲ್ಲಿ ಅಂಗೇ ಪದ್ಧತಿ" ಅಂದಳು. "ಮಾಡೋರು ಅರ್ಧ ಮಾಡಿ ತಂದಿಡ್ತಾರೆ. ಮಿಕ್ಕಿದ್ದು ಉಣ್ಣೋರು ಕುದುರಿಸ್ಕೋಬೇಕು."

ಕುದುರಿಸಿಕೊಳ್ಳಬೇಕು ಎಂಬ ಮಾತನ್ನು ನಾನು ಆ ದೇಶಕ್ಕೆ ಬಂದ ಮೇಲೆ ಕೇಳಿದ್ದು ಅದೇ ಮೊದಲು. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಇಲ್ಲೊಂದು ವಸ್ತು, ಯಾರೋ ಹಣೆಗೆ ಅಂಟಿಸಿದ್ದನ್ನು ಒಪ್ಪಿಕೋ ಎನ್ನದೆ, ನೀನೇನು ಹೇಳುತ್ತೀಯ ಎಂದು ಕೇಳುತ್ತಿತ್ತು! ತೋಳು ಮಡಿಸಿ ಕೂತೆ. ಮೊದಲು ಖಾರದ ಪುಡಿಯನ್ನು ಮೇಲಿಂದಲೇ ಶುರುಮಾಡಿದೆ, ಯಾವ ಮಾತನ್ನೂ ಮೇಲಿಂದಲೇ ಶುರುಮಾಡಬೇಕು. ಸಾರು ತಿರುಗಿ ಹೊಡೆಯಿತು, ಕಿವಿಯಲ್ಲಿ ಗುಂಯ್ ಎಂದಿತು. ವಿನೆಗರಿನ ಹುಳಿ ಬಿಟ್ಟು ಸ್ವಲ್ಪ ತಗ್ಗಿಸಿದೆ. ಈಗ ಹುಳಿ ಜಂಬ ಮಾಡಿತು. ಸಕ್ಕರೆಯ ಭರಣಿ ನೋಡಿದೆ. ನಾನು ಸಕ್ಕರೆ ಜಿಲ್ಲೆಯವನು, ಕಬ್ಬಿನ ಗಾಡಿಯಲ್ಲೇ ಬೆಳೆದವನು, ಆದರೂ ಕೋಳಿಸಾರಿಗೆ ಸಕ್ಕರೆ ಹಾಕುವಷ್ಟು ಕೆಟ್ಟಿರಲಿಲ್ಲ. "ಒಂದು ಚಿಟಿಕೆ ಹಾಕ್ರಿ, ಯಾರೂ ಊರಲ್ಲಿ ಹೇಳಲ್ಲ" ಅಂದಳು ಮಂಜುಳ. ಹಾಕಿದೆ. ಹುಳಿ ತಲೆ ತಗ್ಗಿಸಿತು. ಇನ್ನು ಮೀನಿನ ರಸ. ಮುಚ್ಚಳ ತೆಗೆದು ಮೂಸಿದರೆ ಸಂತೆಯ ಒಣಮೀನಿನ ಸಾಲಿನಲ್ಲಿ ನಿಂತಂತಾಯಿತು. "ಮೂಸಬ್ಯಾಡಿ, ಬಿಡಿ" ಅಂದಳು. ನಾಲ್ಕು ಹನಿ ಬಿಟ್ಟೆ. ಕಲಕಿದೆ. ಕುಡಿದೆ.

ವ್ಯಾಪಾರ ಕುದುರಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಒಂದು ಕ್ಷಣದ ಹಿಂದೆ ನಾಲ್ಕು ದಿಕ್ಕಿಗೆ ಎಳೆಯುತ್ತಿದ್ದವರೆಲ್ಲ ಒಟ್ಟಿಗೆ ಕೂತು ಒಪ್ಪಿಕೊಂಡರು. ಫೋರ್ಕಿಗೆ ನೂಡಲ್ಸು ಸುತ್ತಿ ಬಾಯಿಗಿಟ್ಟೆ. ಅಗಿಯಲು ಹೋದರೆ ಅದು ಕಾಯಲೇ ಇಲ್ಲ, ಜಾರಿಕೊಂಡು ಸೀದಾ ಒಳಗೆ ಹೋಯಿತು. ಇನ್ನೊಂದು ಸುತ್ತು, ಅದೂ ಹೋಯಿತು. ತಿಂಗಳುಗಟ್ಟಲೆ ಗಿರಣಿಯಾಗಿದ್ದ ಬಾಯಿ ಮತ್ತೆ ಹೆಬ್ಬಾಗಿಲಾಯಿತು. ದವಡೆಯಲ್ಲಿ, ಹೆಗಲಲ್ಲಿ, ಎಲ್ಲೆಲ್ಲೋ ಬಿಗಿದುಕೊಂಡದ್ದು ಒಂದೊಂದಾಗಿ ಸಡಿಲವಾದಂತಾಯಿತು. ನಾನು ಊರು ಬಿಟ್ಟೆನೇ ವಿನಾ ಊಟ ನನ್ನನ್ನು ಬಿಟ್ಟಿರಲಿಲ್ಲ ಎಂದು ಹಾಯೆನಿಸಿತು.

ಆದರೆ ನಾನು ದಲ್ಲಾಳಿ. ಮಾಲು ಇಷ್ಟವಾದದ್ದನ್ನು ಮುಖದಲ್ಲಿ ತೋರಿಸಿದವನು ಕೆಟ್ಟ. ಹುಬ್ಬು ಗಂಟಿಕ್ಕಿಕೊಂಡೇ ಉಂಡೆ. ಕಷ್ಟವಾದದ್ದು ಮೂಗಿನದು. ಖಾರಕ್ಕೆ ಮೂಗು ಸೋರಿತು, ಕಣ್ಣು ಸೋರಿತು, ನೆತ್ತಿ ಬೆವರಿತು. ಹುಬ್ಬು ಒಂದನ್ನು ಬಿಟ್ಟು ಉಳಿದ ಮುಖವೆಲ್ಲ ಎದುರು ಪಾರ್ಟಿಯ ಕಡೆ ಸೇರಿಕೊಂಡಿತು.

"ಇಷ್ಟ ಆಗ್ಲಿಲ್ವಾ?" ಅಂದಳು ಮಂಜುಳ. "ಬುಡಿ, ಬಲವಂತ ಏನಿಲ್ಲ." ನನ್ನ ಬಟ್ಟಲಿಗೆ ಕೈ ಹಾಕಿ ಎಳೆದುಕೊಳ್ಳಲು ಹೋದಳು.

"ಇರ್ಲಿ, ಇರ್ಲಿ. ದುಡ್ಡು ಕೊಟ್ಟಾಗದೆ" ಎಂದು ನಾನು ಬಟ್ಟಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಅವಳು ಕೈ ತೆಗೆದಳು. ನಗಲಿಲ್ಲ. ನಗದೆ ಇದ್ದದ್ದೇ ನಕ್ಕಂತಿತ್ತು.

ಈ ಗಡಿಬಿಡಿಯಲ್ಲಿ ಸಾರು ಮುಗಿದು ನೂಡಲ್ಸು ಉಳಿಯಿತು. ಹೋಟೆಲಿನಲ್ಲಿ ಸಾರು ಮುಗಿದರೆ ನಮ್ಮ ಕಡೆಯವನು ಏನು ಮಾಡುತ್ತಾನೆ? ನಾನೂ ಅದನ್ನೇ ಮಾಡಿದೆ. ಯೋಚಿಸದೆ ಬಟ್ಟಲನ್ನು ಒಡತಿಯ ಕಡೆಗೆ ಚಾಚಿ "ಸ್ವಲ್ಪ ಸಾರು ಬುಡಕ್ಕ!" ಎಂದು ಕೂಗಿದೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಇಲ್ಲಿ ಎರಡ್ನೇ ಸಲ ಹಾಕಲ್ಲ ಕಣ್ರೀ" ಎಂದು ಮಂಜುಳ ಹಲ್ಲು ಕಚ್ಚಿದಳು. ಒಡತಿಗೆ ಕನ್ನಡ ಬರುವುದಿಲ್ಲ. ಆದರೆ ಚಾಚಿದ ಬಟ್ಟಲು ಯಾವ ಭಾಷೆಯಲ್ಲೂ ಒಂದೇ. ಸೌಟು ತಂದು ಎರಡು ಸಲ ಬಗ್ಗಿಸಿದಳು, ಮಂಜುಳಳಿಗೆ ಏನೋ ಹೇಳಿದಳು.

"ಅವ್ರ ಯಜಮಾನ್ರೂ ಬಂದ ಹೊಸದ್ರಲ್ಲಿ ಊರಿಗೆ ಹೋಗ್ತೀನಿ ಅಂತ ಹಿಂಗೇ ಮೂಟೆ ಕಟ್ಟಿದ್ರಂತೆ" ಎಂದು ಮಂಜುಳ ತಿಳಿಸಿದಳು.

"ಈಗೆಲ್ಲವ್ರೆ?"

"ಒಳಗೆ. ಪಾತ್ರೆ ತೊಳೀತಾವ್ರೆ."

ಒಳಗಿನಿಂದ ಪಾತ್ರೆಯೊಂದು ಢಣ್ ಎಂದಿತು.

ಆ ಹೊತ್ತಿಗೆ ಸರಿಯಾಗಿ ಜೇಬಿನಲ್ಲಿ ಫೋನು ಕೂಗಿತು. ಇಮ್ತಿಯಾಜ್. ಅಲ್ಲಿ ಮಧ್ಯಾಹ್ನವೆಂದರೆ ಶ್ರೀರಂಗಪಟ್ಟಣದಲ್ಲಿ ಆಗಷ್ಟೇ ಬೆಳಗು, ಅವನು ನಮಾಜು ಮುಗಿಸಿ ಗ್ಯಾರೇಜಿನ ಬಾಗಿಲು ತೆಗೆದಿರುತ್ತಾನೆ.

"ಅಣ್ಣ, ಟಿಕೇಟು ಮಾಡಿಸ್ದ್ಯಾ? ಪಾಲಹಳ್ಳಿ ಪಾರ್ಟಿ ಎದ್ದ ಕೂಡ್ಲೆ ಬಂದು ಬಾಗ್ಲಲ್ಲಿ ನಿಂತವ್ನೆ. ನಾಗಮಂಗಲದ ಗಾಡಿ ಬೇಕೇ ಬೇಕಂತೆ. ನಿಂಗೆ ಇಡ್ಲಾ, ಅವನ್ಗೆ ಕೊಡ್ಲಾ? ಈಗ್ಲೇ ಹೇಳ್ಬುಡು."

"ಒಂದ್ನಿಮಿಷ ಇರ್ಲಾ" ಎಂದು ಫೋನನ್ನು ಕಿವಿಗೇ ಒತ್ತಿಹಿಡಿದು ಮಂಜುಳಳ ಮುಖ ನೋಡಿದೆ. ಅವಳಿಗೆ ಎಲ್ಲ ಕೇಳಿಸಿತ್ತು. ಇಮ್ತಿಯಾಜ್ ಫೋನಿನಲ್ಲಿ ಮಾತಾಡಿದರೆ ಫೋನಿಲ್ಲದವರಿಗೂ ಕೇಳಿಸುತ್ತದೆ.

ಅವಳು ಕತ್ತಿನ ಉಲ್ಲನ್ ಶಾಲು ಬಿಚ್ಚಿ ಮೇಜಿನ ಮೇಲೆ ಹರವಿದಳು. ಅದರ ಕೆಳಗೆ ಕೈಯಿಟ್ಟು, "ಕೈ ಕೊಡಿ" ಅಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಮಾವ ಕೆ.ಆರ್. ಪೇಟೆ ಕಡೆಯ ದನದ ದಲ್ಲಾಳಿ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಯ ಮೇಲೂ ಒಂದು ಟವೆಲು ಹಾಕಿ, ಅದರ ಕೆಳಗೆ ಬೆರಳು ಹಿಡಿಯುತ್ತಾರೆ. ಹಿಡಿದ ಬೆರಳೆಷ್ಟೋ ಲೆಕ್ಕ ಅಷ್ಟು, ಸುತ್ತ ನಿಂತವರಿಗೆ ಟವೆಲು ಅಲ್ಲಾಡುವುದು ಮಾತ್ರ ಕಾಣುತ್ತದೆ. ಹೆಣ್ಣುಮಕ್ಕಳು ಆ ಸಂತೆಗೆ ಹೋಗುವುದಿಲ್ಲ. ಆದರೆ ಮಾವ ತಮಾಷೆಗೆ ಮಗಳಿಗೆ ಮನೆಯಲ್ಲೇ ಕಲಿಸಿದ್ದರು. ಇವಳು ಎಷ್ಟು ದೋಸೆ ತಿನ್ನಬೇಕು, ಎಷ್ಟು ದಿನ ಅಜ್ಜಿ ಮನೆಯಲ್ಲಿರಬಹುದು ಎಂಬುದೆಲ್ಲ ಅಪ್ಪ ಮಗಳ ನಡುವೆ ಟವೆಲಿನ ಕೆಳಗೆ ತೀರ್ಮಾನವಾಗುತ್ತಿತ್ತಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ನನ್ನ ಜೊತೆ ಆ ವಿದ್ಯೆ ತೆಗೆದಿರಲಿಲ್ಲ.

ಕೈ ಕೊಟ್ಟೆ. ಶಾಲಿನ ಕೆಳಗೆ ಅವಳು ನನ್ನ ಮೂರು ಬೆರಳು ಹಿಡಿದಳು. "ವರ್ಸದ ಮಾತು" ಅಂದಳು ಮೆಲ್ಲಗೆ. ಬಂದ ದಿನದಿಂದ ಲೆಕ್ಕ ಹಾಕಿದರೆ ಮೂರು, ಅವಳ ಕೆಲಸ ಮುಗಿಯುವ ತನಕ ಇಲ್ಲೇ, ಜೊತೆಯಲ್ಲೇ.

ಮೂರು ಹೇಳಿದರೆ ಒಂದರಿಂದ ಶುರುಮಾಡಬೇಕು. ಒಂದೂವರೆಗೆ ಏರಬೇಕು. ಎದ್ದು ಹೋಗುವಂತೆ ಮಾಡಬೇಕು. ಇದೆಲ್ಲ ನನಗೆ ನಿದ್ದೆಯಲ್ಲೂ ಬರುತ್ತದೆ. ನನ್ನ ಒಂದು ಬೆರಳು ಆಗಲೇ ಮುಂದೆ ಸರಿದೂ ಇತ್ತು. ಆಗ ಗೊತ್ತಾಯಿತು, ಅವಳ ಅಂಗೈ ಪೂರ್ತಿ ಒದ್ದೆ. ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ, ಇಸ್ತ್ರಿ ಹಾಕಿದಂತಿತ್ತು. ಹೂಂ ಹೋಗಿ ಅಂದ ದಿನವೂ ಹೀಗೇ ಇತ್ತು ಆ ಮುಖ. ಶಾಲಿನ ಕೆಳಗಿನ ಕೈ ಮಾತ್ರ, ಪರೀಕ್ಷೆಯ ಫಲಿತಾಂಶ ನೋಡುವ ದಿನ ನನ್ನ ಮುಂಗೈ ಹಿಡಿದುಕೊಂಡಿದ್ದ ಅದೇ ಒದ್ದೆ ಕೈ. ನಾನು ಹೋಗಿಯೇಬಿಡುತ್ತೇನೆ ಎಂದು ಅವಳು ನಿಜವಾಗಿಯೂ ಹೆದರಿದ್ದಳು.

ಎದುರು ಪಾರ್ಟಿ ಬೆವೆತದ್ದು ಗೊತ್ತಾದ ಮೇಲೆ ಬಿಡುವವನು ದಲ್ಲಾಳಿಯೇ ಅಲ್ಲ. ಆ ಹೊತ್ತಿನಲ್ಲಿ ಬಿಗಿ ಹಿಡಿದರೆ ಏನು ಬೇಕಾದರೂ ಇಳಿಸಬಹುದು. ಕಸುಬಿಗೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳಿಕೊಡುವ ಪಾಠವೇ ಇದು. ನಾನು ಸರಿಸಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು, ಅವಳು ಹಿಡಿದಿದ್ದ ಮೂರರ ಮೇಲೆ ಇನ್ನೊಂದು ಸಲ ಒತ್ತಿ ಮಾತು ಮುಗಿಸಿದೆ. ಜೀವಮಾನದಲ್ಲಿ ಮೊದಲ ಬೆಲೆಗೆ ಒಪ್ಪಿಕೊಂಡದ್ದು ಅದೊಂದೇ ಸಲ.

"ಹಲೋ, ಅಣ್ಣ? ಏನ್ಮಾಡ್ಲಿ?"

"ಕೊಟ್ಬುಡ್ಲಾ" ಅಂದೆ. "ಪಾಲಹಳ್ಳಿಯವನ್ಗೇ ಕೊಟ್ಬುಡು."

"ಯಾಕಣ್ಣ, ಬರಾಕಿಲ್ವಾ? ಅರೆ, ಭಾಬಿ ಏನಂದ್ರು?"

"ಏನೂ ಅನ್ಲಿಲ್ಲ. ಇಡ್ಲಾ ಫೋನು, ಉಣ್ತಾವ್ನಿ."

ಮಂಜುಳ ಶಾಲು ಎತ್ತಿ ಕತ್ತಿಗೆ ಸುತ್ತಿಕೊಂಡಳು. ಸುತ್ತಿಕೊಳ್ಳುವ ನೆಪದಲ್ಲಿ ಅದರ ತುದಿಯಿಂದ ಅಂಗೈ ಒರೆಸಿಕೊಂಡಳು. ನಾನು ನೋಡದವನಂತೆ ಭರಣಿಯಿಂದ ಒಂದು ಮೆಣಸಿನಕಾಯಿ ಬಿಲ್ಲೆ ತೆಗೆದು ಸಾರಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, "ಅಲ್ಲಾ, ಒಂದ್ಸಲಾನೂ ಇಳಿಸ್ಲಿಲ್ವಲ್ಲ ನೀವು, ಯಾಕೆ?"

"ಸಾರು ಆರೋಯ್ತಿತ್ತು ಕಣಮ್ಮಿ, ಅದಕ್ಕೆ" ಅಂದೆ, ಹುಬ್ಬು ಗಂಟಿಕ್ಕಿಕೊಂಡು.

"ಅಂಗಾ" ಎಂದು ಅವಳು ತನ್ನ ಬಟ್ಟಲಿನ ಕಡೆ ಬಗ್ಗಿದಳು. ನನ್ನ ಮಾತನ್ನು ಅವಳು ಪೂರ್ತಿ ನಂಬಿದಳು. ಎದುರಿನವರ ಮುಖ ಓದುವುದರಲ್ಲಿ ನಾನು ಯಾವತ್ತೂ ಸೋತವನಲ್ಲ, ಹಾಗಾಗಿ ಇದನ್ನು ಧೈರ್ಯವಾಗಿಯೇ ಬರೆಯುತ್ತಿದ್ದೇನೆ.